ನಿಧಾನವಾಗಿ ನೋಡಬೇಕಾದ ಕೆಲವು ಸಿನಿಮಾಗಳು: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಶನಿವಾರ, ಭಾನುವಾರಗಳಂದು ಗೆಳತಿಯರೊಂದಿಗೆ ಮನೆಯಲ್ಲೇ ಕುಳಿತು ನೋಡಲು ಒಳ್ಳೆಯ ಕನ್ನಡ ಸಿನಿಮಾಗಳ ಹೆಸರು ಕಳಿಸು ಎಂದು ಕೇಳಿದ್ದೀಯ. ಹೆಸರುಗಳನ್ನಷ್ಟೇ ವಾಟ್ಸ್ಆ್ಯಪ್‌ನಲ್ಲಿ ಕಳಿಸಿಬಿಡಬಹುದಿತ್ತು. ಆದರೆ ಯಾವುದನ್ನು ಏಕೆ ನೋಡಬೇಕು, ಹೇಗೆ ನೋಡಿದರೆ ಅದು ನಮಗೆ ದಕ್ಕುತ್ತದೆ ಎಂಬುದನ್ನು ಹೇಳದೆ ಬರಿಯ ಹೆಸರು ಕೊಡುವುದಕ್ಕೆ ಮನಸ್ಸಾಗಲಿಲ್ಲ. ಆದ್ದರಿಂದ ಸಾವಧಾನವಾಗಿ ಬರೆಯುತ್ತಿದ್ದೇನೆ; ನೀನೂ ಸಾವಧಾನವಾಗಿ ಓದು.

ಮೊದಲಿಗೆ ಒಂದು ಕೋರಿಕೆ. ಕಳೆದ ಸಲ ಊರಿಗೆ ಬಂದಾಗ ನೀನು ಸಿನಿಮಾವೊಂದನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿಕೊಂಡು ನೋಡುತ್ತಿದ್ದುದನ್ನು ಗಮನಿಸಿದ್ದೇನೆ. ಎಲ್ಲರೂ ಈಗ ಹಾಗೆಯೇ ನೋಡುತ್ತಾರೆ ಎಂದು ನೀನು ಹೇಳಿದ್ದೆ. ನಾನು ಇಲ್ಲಿ ಸೂಚಿಸುವ ಚಿತ್ರಗಳನ್ನು ದಯವಿಟ್ಟು ಹಾಗೆ ನೋಡಬೇಡ. ಇವುಗಳ ಕಥೆಯನ್ನು ನಾಲ್ಕೇ ಸಾಲುಗಳಲ್ಲಿ ಹೇಳಿ ಮುಗಿಸಬಹುದು. ಉಳಿದದ್ದೆಲ್ಲ ಇರುವುದು ಒಬ್ಬ ಮನುಷ್ಯ ಕಚೇರಿಯ ಬಾಗಿಲಲ್ಲಿ ಎಷ್ಟು ಹೊತ್ತು ನಿಂತ, ಒಬ್ಬ ಹೆಣ್ಣುಮಗಳು ಉತ್ತರ ಕೊಡುವ ಮೊದಲು ಎಷ್ಟು ಹೊತ್ತು ಸುಮ್ಮನಿದ್ದಳು ಎಂಬುದರಲ್ಲಿ. ಆ ಹೊತ್ತನ್ನು ಕತ್ತರಿಸಿದರೆ ಚಿತ್ರವನ್ನೇ ಕತ್ತರಿಸಿದಂತಾಗುತ್ತದೆ. ದೀಪ ಆರಿಸಿ, ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಒಂದೇ ಕೂರುವಿಕೆಯಲ್ಲಿ ನೋಡು. ಸಾಧ್ಯವಿಲ್ಲದ ದಿನ ನೋಡುವುದೇ ಬೇಡ. ಮುಂದಿನ ವಾರಕ್ಕೆ ಇಟ್ಟುಕೋ.

ಗೆಳತಿಯರಿಗೆ ಕನ್ನಡ ಬಾರದಾದ್ದರಿಂದ ‘ತಿಥಿ’ಯಿಂದ ಆರಂಭಿಸುವುದು ಒಳ್ಳೆಯದು. ರಾಮ್ ರೆಡ್ಡಿಯವರು ನಿರ್ದೇಶಿಸಿದ ಈ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಪಡೆದು, ಮರುವರ್ಷ ನಮ್ಮ ಚಿತ್ರಮಂದಿರಗಳಿಗೆ ಬಂತು. ಮಂಡ್ಯ ಕಡೆಯ ಹಳ್ಳಿಯ ಜನರೇ ಇದರಲ್ಲಿ ನಟಿಸಿದ್ದಾರೆ. ನೂರು ದಾಟಿದ ಸೆಂಚುರಿ ಗೌಡ ಸತ್ತ ದಿನದಿಂದ ಹನ್ನೊಂದನೆಯ ದಿನದ ತಿಥಿಯವರೆಗೆ ಅವನ ಮಗ, ಮೊಮ್ಮಗ, ಮರಿಮಗ ಏನೇನು ಮಾಡುತ್ತಾರೆ ಎಂಬುದಷ್ಟೇ ಕಥೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಆತುರ; ಅವನ ಅಪ್ಪ ಗಡ್ಡಪ್ಪನಿಗೆ ಯಾವುದರ ಆತುರವೂ ಇಲ್ಲ. ನೀವು ನಗುತ್ತಾ ನೋಡುತ್ತೀರಿ, ನಗಬೇಕಾದದ್ದೇ. ಆದರೆ ಊರೂರು ಅಲೆಯುವ ಕುರಿಗಾಹಿಗಳ ನಡುವೆ, ರಾತ್ರಿ ಬೆಂಕಿಯ ಮುಂದೆ ಕುಳಿತು ಗಡ್ಡಪ್ಪ ತನ್ನ ಹಿಂದಿನ ಬದುಕನ್ನು ಹೇಳಿಕೊಳ್ಳುವ ದೃಶ್ಯವೊಂದಿದೆ. ಅವನ ದನಿ ಏರುವುದಿಲ್ಲ, ಮುಖ ಬದಲಾಗುವುದಿಲ್ಲ. ಅಲ್ಲಿಯವರೆಗೆ ಬೇಜವಾಬ್ದಾರಿ ಎಂದು ನಾವು ತಿಳಿದಿದ್ದ ಮನುಷ್ಯ ಎಂಥ ಗಾಯವನ್ನು ಇಟ್ಟುಕೊಂಡು ಓಡಾಡುತ್ತಿದ್ದ ಎಂಬುದು ಅಷ್ಟರಲ್ಲೇ ತಿಳಿದುಹೋಗುತ್ತದೆ. ಆ ಮಂಡ್ಯದ ಮಾತಿನ ಸೊಗಸು ಸಬ್‌ಟೈಟಲ್‌ನಲ್ಲಿ ಅರ್ಧಕ್ಕರ್ಧ ಸೋರಿಹೋಗುತ್ತದೆ. ನೀನು ಪಕ್ಕದಲ್ಲಿ ಕುಳಿತು ಸ್ವಲ್ಪ ವಿವರಿಸಬೇಕಾಗಬಹುದು.

ಆ ಮೇಲೆ ‘ಘಟಶ್ರಾದ್ಧ’. ನೀನಿರುವ ಪುಣೆಗೂ ಈ ಚಿತ್ರಕ್ಕೂ ಒಂದು ನಂಟಿದೆ. ತೀರ್ಥಹಳ್ಳಿ ತಾಲ್ಲೂಕಿನ ಗಿರೀಶ ಕಾಸರವಳ್ಳಿಯವರು ಫಾರ್ಮಸಿ ಓದಿದ ಮೇಲೆ ಆ ದಾರಿ ಬಿಟ್ಟು, ನಿಮ್ಮ ಲಾ ಕಾಲೇಜು ರಸ್ತೆಯಲ್ಲಿರುವ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಸಿನಿಮಾ ಕಲಿತವರು. 1977ರಲ್ಲಿ ತೆಗೆದ ಈ ಮೊದಲ ಚಿತ್ರಕ್ಕೇ ಅವರಿಗೆ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣ ಕಮಲ ಬಂತು. ಅನಂತಮೂರ್ತಿಯವರ ಕಥೆಯನ್ನು ನೀನು ಕಾಲೇಜಿನಲ್ಲಿ ಓದಿದ್ದೀಯೆಂದು ನೆನಪು. ಮಲೆನಾಡಿನ ಅಗ್ರಹಾರದ ವೇದಪಾಠಶಾಲೆಗೆ ಬಂದ ನಾಣಿ ಎಂಬ ಚಿಕ್ಕ ಹುಡುಗ, ಅವನನ್ನು ಅಕ್ಕರೆಯಿಂದ ನೋಡಿಕೊಳ್ಳುವ ಗುರುವಿನ ವಿಧವೆ ಮಗಳು ಯಮುನಕ್ಕ, ಅವಳು ಬಸುರಾದದ್ದು, ಊರು ಅವಳನ್ನು ಬಹಿಷ್ಕರಿಸಿದ್ದು: ಎಲ್ಲವೂ ನಿನಗೆ ಗೊತ್ತಿರುವುದೇ. ಗೊತ್ತಿದ್ದರೂ ನೋಡು ಎನ್ನುವುದಕ್ಕೆ ಕಾರಣವಿದೆ. ಕಾಸರವಳ್ಳಿಯವರು ಇಡೀ ಚಿತ್ರವನ್ನು ನಾಣಿಯ ಎತ್ತರದಿಂದ ತೋರಿಸುತ್ತಾರೆ. ದೊಡ್ಡವರು ಪಿಸುಗುಟ್ಟುವುದು ಅವನ ಕಿವಿಗೆ ಬೀಳುತ್ತದೆ, ಅರ್ಥ ಪೂರ್ತಿಯಾಗಿ ಆಗುವುದಿಲ್ಲ. ಭಯ ಮಾತ್ರ ಪೂರ್ತಿಯಾಗಿ ಆಗುತ್ತದೆ. ಯಮುನಕ್ಕ ಹುತ್ತಕ್ಕೆ ಕೈಯಿಡುವ ದೃಶ್ಯದಲ್ಲಿ ಅವಳ ಸಂಕಟಕ್ಕಿಂತ ಮೊದಲು ಆ ಹುಡುಗನ ದಿಗಿಲೇ ನಮ್ಮನ್ನು ಹಿಡಿಯುತ್ತದೆ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡುವುದು ಎಂದರೇನು ಎಂಬುದನ್ನು ಕಾಗದದ ಮೇಲೆ ಓದುವುದು ಬೇರೆ, ಮಡಕೆ ಒಡೆಯುವುದನ್ನು ಕಣ್ಣಾರೆ ಕಾಣುವುದು ಬೇರೆ. ಯಮುನಕ್ಕನಾಗಿ ಮೀನಾ ಕುಟ್ಟಪ್ಪ ಅಭಿನಯಿಸಿದ್ದಾರೆ. ಅವರು ಅಳುವ ದೃಶ್ಯಗಳಿಗಿಂತ ಅಳದಿರುವ ದೃಶ್ಯಗಳನ್ನು ಹೆಚ್ಚು ಗಮನವಿಟ್ಟು ನೋಡು.

ಈ ಚಿತ್ರದ ವಿಷಯದಲ್ಲಿ ಪ್ರಿಂಟಿನ ಬಗ್ಗೆಯೂ ಹೇಳಬೇಕು. ಹಳೆಯ ಕನ್ನಡ ಚಿತ್ರಗಳ ಬಹಳಷ್ಟು ಪ್ರತಿಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ, ನಿಜ. ಆದರೆ ಅವುಗಳಲ್ಲಿ ಕಪ್ಪು ಎಲ್ಲಿ ಮುಗಿಯಿತು, ಬೂದು ಎಲ್ಲಿ ಶುರುವಾಯಿತು ಎಂದೇ ತಿಳಿಯದಂತೆ ಚಿತ್ರ ಮಸುಕಾಗಿರುತ್ತದೆ, ಮಾತು ಗೊಗ್ಗರಾಗಿರುತ್ತದೆ. ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನವರು ಮಾರ್ಟಿನ್ ಸ್ಕಾರ್ಸೆಸಿಯವರ ಫಿಲ್ಮ್ ಫೌಂಡೇಶನ್ ಜೊತೆಗೂಡಿ ಪುನರುಜ್ಜೀವನಗೊಳಿಸಿದ್ದಾರೆ. ಆ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ನಿಮ್ಮ ಊರಿನಲ್ಲಿ ಅದರ ಪ್ರದರ್ಶನ ಎಂದಾದರೂ ಏರ್ಪಟ್ಟರೆ, ಮನೆಯಲ್ಲಿ ಎಷ್ಟು ಸಲ ನೋಡಿದ್ದರೂ ಬಿಡದೆ ಹೋಗು.

ಮುಂದೆ ನಾನು ಹೇಳುವ ಎರಡು ಚಿತ್ರಗಳನ್ನು ಬೇರೆ ಬೇರೆಯಾಗಿ ನೋಡದೆ ಒಂದರ ಹಿಂದೆ ಒಂದರಂತೆ, ಹೆಚ್ಚೆಂದರೆ ಒಂದು ವಾರದ ಅಂತರದಲ್ಲಿ ನೋಡಬೇಕು. ಮೊದಲನೆಯದು ಬಿ.ವಿ. ಕಾರಂತರು 1975ರಲ್ಲಿ ತೆಗೆದ ‘ಚೋಮನ ದುಡಿ’, ಎರಡನೆಯದು 2002ರಲ್ಲಿ ಬಿಡುಗಡೆಯಾದ ಕಾಸರವಳ್ಳಿಯವರ ‘ದ್ವೀಪ’. ಮೊದಲ ಚಿತ್ರದಲ್ಲಿ ಚೋಮನಾಗಿ ಅಭಿನಯಿಸಿ ರಾಷ್ಟ್ರಪ್ರಶಸ್ತಿ ಪಡೆದ ಎಂ.ವಿ. ವಾಸುದೇವರಾಯರೇ ಎರಡನೆಯದರಲ್ಲಿ ದುಗ್ಗಜ್ಜನಾಗಿದ್ದಾರೆ. ಚೋಮನಿಗೆ ಬೇಕಾಗಿದ್ದದ್ದು ಉಳುವುದಕ್ಕೆ ಒಂದು ತುಂಡು ನೆಲ. ಹೊಲೆಯನಾಗಿ ಹುಟ್ಟಿದವನು ಬೇಸಾಯ ಮಾಡಬಾರದು ಎಂಬ ಕಟ್ಟಳೆ ಅದನ್ನು ಕೊನೆಯವರೆಗೂ ಅವನಿಗೆ ದಕ್ಕಗೊಡಲಿಲ್ಲ. ದುಗ್ಗಜ್ಜನಿಗೆ ನೆಲವಿತ್ತು, ಗುಡಿಯಿತ್ತು, ಅಣೆಕಟ್ಟಿನ ನೀರು ಎಲ್ಲವನ್ನೂ ಮುಳುಗಿಸಲು ಬರುತ್ತಿತ್ತು. ನೆಲಕ್ಕಾಗಿ ಹಂಬಲಿಸಿದ ಅದೇ ಕಣ್ಣುಗಳು ಕಾಲು ಶತಮಾನ ಕಳೆದು, ಕೈಯಿಂದ ಜಾರುತ್ತಿರುವ ನೆಲವನ್ನು ನೋಡುತ್ತವೆ. ನಿರ್ದೇಶಕರು ಇದನ್ನು ಉದ್ದೇಶಿಸಿದ್ದರೋ ಇಲ್ಲವೋ, ನನಗಂತೂ ಈ ಎರಡು ಮುಖಗಳನ್ನು ಬೇರೆ ಮಾಡಿ ನೋಡಲು ಆಗುವುದಿಲ್ಲ. ‘ಚೋಮನ ದುಡಿ’ಯ ಕೆಲಸದಲ್ಲಿ ಯುವಕ ಕಾಸರವಳ್ಳಿ ಕಾರಂತರಿಗೆ ಸಹಾಯಕರಾಗಿದ್ದರು ಎಂಬುದನ್ನೂ ನೆನಪಿಟ್ಟುಕೋ.

‘ಚೋಮನ ದುಡಿ’ಯನ್ನು ಲ್ಯಾಪ್‌ಟಾಪಿನ ಸಣ್ಣ ಸ್ಪೀಕರಿನಲ್ಲಿ ಕೇಳಬೇಡ, ಒಳ್ಳೆಯ ಹೆಡ್‌ಫೋನ್ ಹಾಕಿಕೋ, ಇಲ್ಲವೇ ದೊಡ್ಡ ಸ್ಪೀಕರಿಗೆ ಜೋಡಿಸು. ಕಾರಂತರು ಮೊದಲು ರಂಗಭೂಮಿಯ ಮನುಷ್ಯ, ಸಂಗೀತದ ಮನುಷ್ಯ. ಈ ಚಿತ್ರದಲ್ಲಿ ದುಡಿ ಎಂಬ ಚರ್ಮವಾದ್ಯದ ಸದ್ದು ಹಿನ್ನೆಲೆಯಾಗಿ ಉಳಿಯದೆ ಚೋಮ ಆಡಲಾರದ ಮಾತೆಲ್ಲವನ್ನೂ ತಾನು ಆಡುತ್ತದೆ. ಕುಡಿದ ರಾತ್ರಿಯ ಬಡಿತ ಒಂದು ಬಗೆಯದು, ಸಿಟ್ಟಿನದು ಇನ್ನೊಂದು ಬಗೆಯದು. ಎಲ್ಲವನ್ನೂ ಕಳೆದುಕೊಂಡು ಗುಡಿಸಲಿನೊಳಗೆ ಕೊನೆಯ ಸಲ ಬಾರಿಸುವುದಂತೂ ಕೇಳುವವರ ಎದೆಯನ್ನೇ ಬಡಿಯುತ್ತದೆ. ನೀರಿನಲ್ಲಿ ಮುಳುಗುತ್ತಿರುವ ಚೋಮನ ಮಗುವನ್ನು ಮೈಲಿಗೆಯ ಕಾರಣಕ್ಕೆ ಯಾರೂ ಎತ್ತದಿರುವ ಸಂದರ್ಭ ಬಂದಾಗ ನಿನಗೆ ನಿಲ್ಲಿಸಿಬಿಡಬೇಕು ಅನ್ನಿಸಬಹುದು. ನಿಲ್ಲಿಸಬೇಡ.

‘ದ್ವೀಪ’ ನಮ್ಮ ಮನೆಯ ಕಥೆಯೂ ಹೌದು. ಸಾಗರದ ನಾ. ಡಿಸೋಜರ ಕಾದಂಬರಿ ಅದಕ್ಕೆ ಆಧಾರ. ಶರಾವತಿಯ ಮುಳುಗಡೆಯನ್ನು ಅವರಷ್ಟು ಹತ್ತಿರದಿಂದ ಬರೆದವರು ಕಡಿಮೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ನೀರಿನಡಿ ಹೋದ ತೋಟಗಳಲ್ಲಿ ನಿನ್ನ ಮುತ್ತಜ್ಜಿಯ ತವರಿನ ತೋಟವೂ ಒಂದು. ಅಜ್ಜಿ ಮಾತಿನ ನಡುವೆ ‘ಮುಳುಗಡೆಗೆ ಮುಂಚೆ’, ‘ಮುಳುಗಡೆ ಆದಮೇಲೆ’ ಎಂದು ಕಾಲವನ್ನು ಅಳೆಯುತ್ತಿದ್ದುದು ನಿನಗೂ ನೆನಪಿರಬೇಕು. ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದು ಹಳೆಯ ಮಡೆನೂರು ಅಣೆಕಟ್ಟು ಮೇಲೆ ಕಾಣಿಸಿಕೊಂಡಾಗ ಜನ ಅದನ್ನು ನೋಡಲು ಪ್ರವಾಸ ಹೋಗುತ್ತಾರೆ. ಅಜ್ಜಿ ಒಮ್ಮೆಯೂ ಹೋಗಲಿಲ್ಲ. ಏಕೆಂದು ‘ದ್ವೀಪ’ ನೋಡಿದಾಗ ನನಗೆ ತಿಳಿಯಿತು. ಈ ಚಿತ್ರದಲ್ಲಿ ಮಳೆ ನಿಲ್ಲುವುದೇ ಇಲ್ಲ ಎನ್ನಿಸುತ್ತದೆ. ಅದರ ಛಾಯಾಗ್ರಹಣಕ್ಕೂ ರಾಷ್ಟ್ರಪ್ರಶಸ್ತಿ ಬಂದಿದೆ. ಹಸಿರು, ಬೂದು, ನೀರಿನ ಮೇಲಿನ ಮಂಕು ಬೆಳಕು ಇವೆಲ್ಲ ಮಲೆನಾಡಿನವರಿಗೆ ಅಪರಿಚಿತವಲ್ಲ. ಸೌಂದರ್ಯ ಅವರು ತಾವೇ ನಿರ್ಮಾಪಕಿಯಾಗಿ ನಾಗಿಯ ಪಾತ್ರ ವಹಿಸಿದ್ದಾರೆ. ನೀರು ಏರುತ್ತಿರುವಾಗ ಗಂಡನ ಧೈರ್ಯ ಕುಸಿಯುತ್ತದೆ. ಉಪಾಯ ಹುಡುಕುವುದು, ಕೈಮೈ ದಣಿಯುವಂತೆ ದುಡಿಯುವುದು, ಬದುಕನ್ನು ಉಳಿಸುವುದು ನಾಗಿ. ಎಲ್ಲ ಮುಗಿದ ಮೇಲೆ ಗಂಡ ಅದರ ಕೀರ್ತಿಯನ್ನು ದೇವರಿಗೆ ಒಪ್ಪಿಸಿಬಿಡುತ್ತಾನೆ. ಆಗಿನ ನಾಗಿಯ ಮುಖವನ್ನು ನೋಡು. ನಮ್ಮ ಮನೆಗಳಲ್ಲಿ ಎಷ್ಟು ಹೆಂಗಸರ ಮುಖ ಹಾಗೆ ಆಗಿದೆಯೋ! ನೀನು ಒಂದೇ ಒಂದು ಚಿತ್ರ ನೋಡುವುದಾದರೆ ಯಾವುದು ಎಂದು ಕೇಳಿದರೆ ನಾನು ಹೇಳುವುದು ‘ದ್ವೀಪ’ವನ್ನೇ.

‘ತಬರನ ಕಥೆ’ಯನ್ನು ಒಬ್ಬಳೇ ಇದ್ದಾಗ ನೋಡಬೇಡ. ತೇಜಸ್ವಿಯವರ ಕಥೆಯನ್ನು ಆಧರಿಸಿ 1986ರಲ್ಲಿ ಕಾಸರವಳ್ಳಿಯವರು ಮಾಡಿದ ಚಿತ್ರ ಅದು. ಸರ್ಕಾರದ ಕೆಲಸವನ್ನು ದೇವರ ಕೆಲಸವೆಂದು ನಂಬಿ ನಿಷ್ಠೆಯಿಂದ ದುಡಿದ ತಬರಶೆಟ್ಟಿಗೆ ನಿವೃತ್ತಿಯ ನಂತರ ಪಿಂಚಣಿ ಸಿಗುವುದಿಲ್ಲ. ಇತ್ತ ಸಕ್ಕರೆ ಕಾಯಿಲೆಯಿಂದ ಹೆಂಡತಿಯ ಕಾಲು ಕೊಳೆಯತೊಡಗುತ್ತದೆ. ಆಸ್ಪತ್ರೆಗೆ ಹಣವಿಲ್ಲದೆ, ಆ ಕಾಲನ್ನು ನೀನಾದರೂ ಕತ್ತರಿಸಿಕೊಡು ಎಂದು ಅವನು ಕಟುಕನ ಬಳಿ ಹೋಗಿ ಬೇಡುತ್ತಾನೆ. ಚಾರುಹಾಸನ್ ಅವರಿಗೆ ಈ ಪಾತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಬಂತು. ಕಚೇರಿಯ ಮೇಜುಗಳ ನಡುವೆ ಅವರು ನಡೆಯುವ ರೀತಿಯೊಂದನ್ನೇ ನೋಡಿದರೆ ಸಾಕು, ಆ ಪ್ರಶಸ್ತಿ ಏಕೆಂದು ತಿಳಿಯುತ್ತದೆ: ಮೊದಲಿಗೆ ಅಲ್ಲಿನವನೇ ಎಂಬಂತೆ ನಡೆಯುವ ಮನುಷ್ಯ, ಬರುಬರುತ್ತಾ ಅಲ್ಲಿ ನಿಲ್ಲುವುದಕ್ಕೂ ಅಪ್ಪಣೆ ಕೇಳುವವನಂತಾಗುತ್ತಾನೆ. ನೀನು ಕೆಲಸ ಮಾಡುವುದೂ ಅರ್ಜಿಗಳನ್ನು ಪರಿಶೀಲಿಸುವ ವಿಭಾಗದಲ್ಲಿ. ಆದ್ದರಿಂದ ಇದನ್ನು ನೀನು ನೋಡಲೇಬೇಕೆಂಬ ಆಸೆ ನನಗೆ ವಿಶೇಷವಾಗಿದೆ.

ಇನ್ನು ಕೆಲವನ್ನು ಚಿಕ್ಕದಾಗಿ ಹೇಳುತ್ತೇನೆ. ಶಂಕರ್‌ನಾಗ್ ಅವರ ‘ಆಕ್ಸಿಡೆಂಟ್’ ಹಾಡಿಲ್ಲದ, ಬಿಗಿಯಾದ ಚಿತ್ರ. ಅಮಲಿನಲ್ಲಿ ಕಾರು ಓಡಿಸುವ ರಾಜಕಾರಣಿಯ ಮಗ ಪಾದಚಾರಿ ಮಾರ್ಗದಲ್ಲಿ ಮಲಗಿದವರ ಮೇಲೆ ಹರಿಸುತ್ತಾನೆ. 1985ರದಾದರೂ ನಿನ್ನೆಯ ಪತ್ರಿಕೆಯಿಂದ ಎತ್ತಿಕೊಂಡಂತಿದೆ. ನಿಧಾನದ ಚಿತ್ರಗಳ ನಡುವೆ ಗೆಳತಿಯರಿಗೆ ಬಿಡುವು ಬೇಕೆನ್ನಿಸಿದರೆ ಇದನ್ನು ಹಾಕು. ಪ್ರೇಮಾ ಕಾರಂತರ ‘ಫಣಿಯಮ್ಮ’ ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಬಂದದ್ದು. ಬಾಲವಿಧವೆಯಾಗಿ ಇಡೀ ಬದುಕು ಕಳೆದ ಹೆಂಗಸು, ಮುಂದಿನ ತಲೆಮಾರಿನ ಹುಡುಗಿಯೊಬ್ಬಳು ತಲೆ ಬೋಳಿಸಿಕೊಳ್ಳುವುದಿಲ್ಲ ಎಂದಾಗ ಅವಳ ಪರವಾಗಿ ನಿಲ್ಲುತ್ತಾಳೆ. ಅಷ್ಟು ಮೆತ್ತಗಿನ ದಿಟ್ಟತನವನ್ನು ನಾನು ಬೇರೆಡೆ ಕಂಡಿಲ್ಲ. ಪುಟ್ಟಣ್ಣ ಕಣಗಾಲರ ‘ಶರಪಂಜರ’ದಲ್ಲಿ ಭಾವ ತುಸು ಎತ್ತರದ ದನಿಯಲ್ಲಿರುತ್ತದೆ, ಇಂದಿನವರಿಗೆ ಮೊದಲ ಅರ್ಧ ಗಂಟೆ ಒಗ್ಗುವುದು ಕಷ್ಟ. ಆದರೆ ಮನಸ್ಸಿನ ಕಾಯಿಲೆಯಿಂದ ಗುಣವಾಗಿ ಮನೆಗೆ ಮರಳಿದ ಹೆಣ್ಣನ್ನು ಗುಣವಾದವಳೆಂದು ಒಪ್ಪದ ಲೋಕ ಮತ್ತೆ ಹೇಗೆ ಹುಚ್ಚಿಗೆ ತಳ್ಳುತ್ತದೆ ಎಂಬುದನ್ನು 1971ರಲ್ಲೇ, ಅದೂ ಸಾವಿರಾರು ಜನ ನೋಡುವ ಜನಪ್ರಿಯ ಚಿತ್ರದಲ್ಲಿ, ಪುಟ್ಟಣ್ಣನವರು ತೋರಿಸಿದರು. ಕಲ್ಪನಾ ಅವರಿಗಾಗಿಯಾದರೂ ನೋಡು.

ಕಡೆಯದಾಗಿ ‘ಗುಲಾಬಿ ಟಾಕೀಸ್’, 2008ರ ಚಿತ್ರ, ವೈದೇಹಿಯವರ ಕಥೆ ಅದರ ಮೂಲ. ಮನೆಯಲ್ಲಿ ಕುಳಿತು ಸಿನಿಮಾ ನೋಡುವುದು ಎಂದರೇನು ಎಂಬ ಪ್ರಶ್ನೆಯೇ ಇಲ್ಲಿ ಕಥೆಯಾಗಿದೆ. ಕುಂದಾಪುರದ ಕಡೆಯ ಮೀನುಗಾರರ ದ್ವೀಪದಲ್ಲಿ ಸೂಲಗಿತ್ತಿಯಾಗಿರುವ ಗುಲಾಬಿಗೆ ಸಿನಿಮಾ ಎಂದರೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಪ್ರತಿಯಾಗಿ ಅವಳ ಮನೆಗೆ ಬಣ್ಣದ ಟಿವಿ ಬರುತ್ತದೆ. ಗಂಡ ಬಿಟ್ಟುಹೋದ ಮುಸ್ಲಿಂ ಹೆಂಗಸಿನ ಹೊಸಿಲು ತುಳಿಯದಿದ್ದ ನೆರೆಯ ಹೆಂಗಸರು ಟಿವಿಯ ನೆಪದಲ್ಲಿ ಒಳಗೆ ಬಂದು ಕೂರುತ್ತಾರೆ. ಮಾತು, ನಗು, ಗುಟ್ಟು ಎಲ್ಲ ಅಲ್ಲಿ ಹುಟ್ಟಿಕೊಳ್ಳುತ್ತವೆ. ಕಾರ್ಗಿಲ್ ಯುದ್ಧದ ದಿನಗಳಲ್ಲಿ ಊರಿನ ಗಾಳಿ ಬದಲಾದಾಗ ಅದೇ ನೆರೆಹೊರೆ ಏನಾಗುತ್ತದೆ ಎಂಬುದನ್ನು ಉಮಾಶ್ರೀಯವರ ಮುಖದ ಮೇಲೆ ನೋಡಿ ತಿಳಿಯಬೇಕು. ಅವರಿಗೆ ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ದೊರಕಿತು. ನಾಲ್ಕು ರಾಜ್ಯಗಳ, ಬೇರೆ ಬೇರೆ ಮನೆತನಗಳ ಹುಡುಗಿಯರು ಒಂದೇ ಪರದೆಯ ಮುಂದೆ ಕೂರುವ ನಿಮ್ಮ ಮನೆಗೆ ಇದಕ್ಕಿಂತ ಸೂಕ್ತವಾದ ಚಿತ್ರವನ್ನು ನಾನು ಹೆಸರಿಸಲಾರೆ. ಮುಗಿದ ಕೂಡಲೇ ದೀಪ ಹಾಕಿ ಎದ್ದುಬಿಡಬೇಡಿ, ಸ್ವಲ್ಪ ಹೊತ್ತು ಮಾತಾಡಿ. ಗೆಳತಿಯರಿಗೆ ಏನನ್ನಿಸಿತು ಎಂದು ನನಗೂ ಬರೆ. ಅವರವರ ಭಾಷೆಯ ಇಂಥ ಚಿತ್ರಗಳ ಹೆಸರನ್ನೂ ಅವರಿಂದ ಕೇಳಿ ಬರೆದು ಕಳಿಸು, ಮಳೆಗಾಲ ಮುಗಿಯುವುದರೊಳಗೆ ನಾನೂ ನಿನ್ನ ಅಪ್ಪನೂ ನೋಡುತ್ತೇವೆ.

ಇಂತಿ ನಿನ್ನ ಪ್ರೀತಿಯ
ಅಮ್ಮ