ಡಿಸ್ಕ್ ಹಿಂದಿನ ನಂಬರ್ ಬಿಲ್ಲಿನಲ್ಲಿ ಬರೆಯಿರಿ

ಮಾನ್ಯ ಸಂಪಾದಕರೇ,

ನಮ್ಮ ಕಡೆ ಈಗ ಜೀಪು, ಪಿಕಪ್ ಎತ್ತರಿಸುವ ಹುಚ್ಚು ಜಾಸ್ತಿಯಾಗಿದೆ. ಎರಡು ಇಂಚಿನ ಲಿಫ್ಟ್ ಕಿಟ್, ದಪ್ಪ ಟೈರು, ಮಡ್‌ಗಾರ್ಡಿನಿಂದ ಆಚೆ ಬಂದು ನಿಂತ ಅಲಾಯ್ ಡಿಸ್ಕು (ಟೈರು ಕೂರುವ ಲೋಹದ ಚಕ್ರ). ಬೈಯಲು ಬರೆಯುತ್ತಿಲ್ಲ, ಹೋದ ವರ್ಷ ನಾನೂ ನನ್ನ ಪಿಕಪ್‌ಗೆ ಹಾಕಿಸಿಕೊಂಡವನೇ. ಅಂಗಡಿಯವರು ಹೇಳದೇ ಬಿಡುವ ಒಂದು ನಂಬರಿನ ಬಗ್ಗೆ ನನ್ನ ತಕರಾರು.

ಡಿಸ್ಕಿನ ಮೇಲೆ ಸಾಮಾನ್ಯವಾಗಿ ಇಟಿ 40, ಇಟಿ 10 ಅಂತ ಅಚ್ಚು ಇರುತ್ತದೆ, ಹೆಚ್ಚಾಗಿ ಒಳಮೈಯಲ್ಲಿ. ಅದೇ ಆಫ್‌ಸೆಟ್. ಹಬ್‌ಗೆ, ಅಂದರೆ ಗಾಡಿಯ ಕಡೆ ಡಿಸ್ಕನ್ನು ಬೋಲ್ಟ್ ಹಾಕಿ ಕೂರಿಸುವ ಭಾಗಕ್ಕೆ, ತಾಗುವ ಮುಖ ಡಿಸ್ಕಿನ ಅಗಲದ ನಟ್ಟನಡುವಿನಿಂದ ಎಷ್ಟು ಮಿಲಿಮೀಟರ್ ಸರಿದಿದೆ ಎಂಬ ಲೆಕ್ಕ ಅದು. ನಂಬರ್ ಇಳಿದಷ್ಟೂ ಚಕ್ರ ಹೊರಗೆ ಬರುತ್ತದೆ, ಸೊನ್ನೆ ದಾಟಿ ಮೈನಸ್‌ಗೆ ಹೋದರೆ ಇನ್ನೂ ಹೊರಗೆ.

ನನ್ನ ಹಳೇ ಡಿಸ್ಕು 7 ಇಂಚು ಅಗಲ, ಆಫ್‌ಸೆಟ್ 40. ಹೊಸದು ಎಂಟೂವರೆ ಇಂಚು, ಆಫ್‌ಸೆಟ್ 10. "ಸ್ವಲ್ಪ ಹೊರಗೆ ಬರುತ್ತೆ ಸಾರ್, ಒಳ್ಳೇ ಲುಕ್ ಇರುತ್ತೆ" ಅಂದರು, ನಾನೂ ತಲೆಯಾಡಿಸಿದೆ. ಆ 'ಸ್ವಲ್ಪ' ಎಷ್ಟು ಅಂತ ಆಮೇಲೆ ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ಆಫ್‌ಸೆಟ್ ಇಳಿದಿದ್ದರಿಂದ 30 ಮಿ.ಮೀ., ಅಗಲ ಹೆಚ್ಚಿದ್ದರ ಅರ್ಧ ಪಾಲು 19, ಒಟ್ಟು 49. ಅಂದರೆ ಒಂದೊಂದು ಬದಿಗೆ ಹತ್ತಿರಹತ್ತಿರ ಎರಡು ಇಂಚು! ಒಳಗಡೆ ಸಿಕ್ಕ ಜಾಗ ಬರೀ 11 ಮಿ.ಮೀ. ಹಬ್‌ಗೂ ಡಿಸ್ಕಿಗೂ ನಡುವೆ ಸ್ಪೇಸರ್ ಅನ್ನುವ ದಪ್ಪ ಬಿಲ್ಲೆ ಹಾಕಿದರೂ ಲೆಕ್ಕ ಇದೇ, 25 ಮಿ.ಮೀ. ಸ್ಪೇಸರ್ ಅಂದರೆ ಆಫ್‌ಸೆಟ್‌ನಲ್ಲಿ 25 ಕಳೆದ ಹಾಗೆ.

ಟೈರು ತಾಗಿದರೆ ಚಕ್ರ ಹೊರಗೆ ತಂದರಾಯಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಅರ್ಧ ನಿಜ. ಒಳಗಡೆ ಚಾಸಿಗೆ ತಾಗುವುದು ನಿಲ್ಲುತ್ತದೆ. ಆದರೆ ಬಾಗಿಲು ಅಗಲವಿದ್ದಷ್ಟೂ ತೆರೆಯಲು ಜಾಗ ಜಾಸ್ತಿ ಬೇಕು ಅಲ್ವಾ, ಹಾಗೇ ಹೊರಗೆ ನಿಂತ ಟೈರು ಸ್ಟೇರಿಂಗ್ ತಿರುಗಿಸಿದಾಗ ದೊಡ್ಡ ಸುತ್ತು ಹಾಕುತ್ತದೆ. ಬಂಪರಿನ ಮೂಲೆ, ಮಡ್‌ಗಾರ್ಡಿನ ಹಿಂತುದಿ ಎರಡಕ್ಕೂ ತಾಗುತ್ತದೆ. ಲಿಫ್ಟ್ ಕಿಟ್ ಕೊಡುವುದು ಮೇಲಕ್ಕೆ ಜಾಗ, ಪಕ್ಕಕ್ಕಲ್ಲ. ಅಂಗಡಿ ಮುಂದಿನ ಸಮತಟ್ಟು ಜಾಗದಲ್ಲಿ ಒಂದು ಸುತ್ತು ಹೊಡೆದು ನೋಡಿದರೆ ಇದೇನೂ ಗೊತ್ತಾಗುವುದಿಲ್ಲ. ಒಂದು ಚಕ್ರ ಕಲ್ಲಿನ ಮೇಲೆ ಹತ್ತಿಸಿ, ಹಿಂದೆ ಲೋಡ್ ಇಟ್ಟು, ಎರಡೂ ಕಡೆ ಫುಲ್ ಟರ್ನ್ ಮಾಡಿ ನೋಡಬೇಕು. ನಾನು ನೋಡಲಿಲ್ಲ. ಘಾಟಿಯ ತಿರುವಿನಲ್ಲಿ ಗೊಬ್ಬರದ ಮೂಟೆ ಹೇರಿಕೊಂಡು ಹೊರಟಾಗ ಕರ್ರ್ ಅಂತು. ಇಳಿದು ನೋಡಿದರೆ ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಕಿತ್ತುಬಂದು ಟೈರಿನ ಮೇಲೆ ಜೋತಾಡುತ್ತಿತ್ತು.

ಆಮೇಲೆ ಸ್ಟೇರಿಂಗ್. ಹೊಂಡಕ್ಕೆ ಒಂದು ಚಕ್ರ ಇಳಿದರೆ ಸಾಕು, ಕೈಯಿಂದ ಕಿತ್ತುಕೊಂಡು ಆ ಕಡೆಗೇ ಎಳೆಯುತ್ತದೆ. ಚಕ್ರ ಹೊರಗೆ ಹೋದಷ್ಟೂ ಹಬ್ ಬೇರಿಂಗಿನ ಮೇಲೂ ಭಾರ ವಾಲುತ್ತದೆ. ಮಳೆಗಾಲದ ಕಥೆಯಂತೂ ಕೇಳಲೇಬೇಡಿ, ಕೆಸರು ಕನ್ನಡಿವರೆಗೂ ಹಾರುತ್ತದೆ. ರಸ್ತೆ ಬದಿ ನಡೆದು ಹೋಗುವ ಶಾಲೆ ಮಕ್ಕಳ ಯೂನಿಫಾರಂ ಗತಿ ನೀವೇ ಊಹಿಸಿ.

ಕಾನೂನನ್ನೂ ಯಾರೂ ಹೇಳುವುದಿಲ್ಲ. ಕಂಪನಿ ಕೊಟ್ಟ ವಿವರಕ್ಕೆ ಆರ್‌ಸಿ ಹೊಂದದಂತೆ ಗಾಡಿ ಬದಲಿಸುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ತಿದ್ದುಪಡಿ ಬಂದ ಮೇಲೆ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಸಿಕ್ಕಿಬೀಳುವವರು ನಾವು, ಹಾಕಿಕೊಟ್ಟವರು ಎಸಿ ರೂಮಲ್ಲಿ.

ಮಾಂದಲಪಟ್ಟಿಗೋ ಕೊಡಚಾದ್ರಿಗೋ ಪ್ರವಾಸಿಗರನ್ನು ಹೊತ್ತು ಹತ್ತುವ ಹಳೇ ಜೀಪುಗಳನ್ನು ಒಮ್ಮೆ ನೋಡಿ. ನಮ್ಮ ಶೋಕಿ ಗಾಡಿಗಳು ವರ್ಷಕ್ಕೊಮ್ಮೆ ಕಾಣುವ ರಸ್ತೆಯನ್ನು ಅವು ಸೀಸನ್ನಿನಲ್ಲಿ ದಿನಾ ಹತ್ತುತ್ತವೆ. ನಾನು ಕೂತು ಹೋದ ಜೀಪುಗಳಲ್ಲೆಲ್ಲ ಸಾದಾ ಕಬ್ಬಿಣದ ಡಿಸ್ಕು, ಸಪೂರ ಟೈರು.

ಡಿಸ್ಕ್ ಮಾರುವವರಲ್ಲಿ ಕೇಳುವುದಿಷ್ಟೇ. ಅಗಲ, ಆಫ್‌ಸೆಟ್ ಎರಡನ್ನೂ ಬಿಲ್ಲಿನಲ್ಲಿ ಬರೆಯಿರಿ, ಹಳೇದಕ್ಕಿಂತ ಎಷ್ಟು ಹೊರಗೆ ಬರುತ್ತದೆ ಅಂತ ಬಾಯಲ್ಲಾದರೂ ಹೇಳಿ. ಸಾರಿಗೆ ಇಲಾಖೆಯವರೂ ರಸ್ತೆಯಲ್ಲಿ ಗಾಡಿ ಅಡ್ಡಗಟ್ಟುವ ಮೊದಲು ಒಂದು ಸಲ ಅಂಗಡಿ ಹೊಕ್ಕು ಬನ್ನಿ.

ನನ್ನ ಹಳೇ ಡಿಸ್ಕುಗಳು ಪುಣ್ಯಕ್ಕೆ ಕೊಟ್ಟಿಗೆಯಲ್ಲೇ ಇದ್ದವು, ವಾಪಸ್ ಹಾಕಿಸಿದ್ದೇನೆ. ಹೊಸ ನಾಲ್ಕೂ ಮಾರಾಟಕ್ಕಿವೆ. ನೋಡಲು ಬಂದವರಿಗೆ ನಂಬರ್ ಹೇಳಿದ ಮೇಲೆ ಇಬ್ಬರು ಕಾಫಿ ಕುಡಿದು ಎದ್ದು ಹೋದರು.

— ಒಬ್ಬ ಕಾಫಿ ಬೆಳೆಗಾರ, ಸೋಮವಾರಪೇಟೆ