ಘಾಟಿ ಇಳಿಯುವಾಗ ನ್ಯೂಟ್ರಲ್ ಬೇಡ

ಮಾನ್ಯರೇ,

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ ಪೆಟ್ರೋಲ್ ಉಳಿಯುತ್ತದೆಂದು ಬೈಕನ್ನು ನ್ಯೂಟ್ರಲ್‌ಗೆ ಹಾಕಿ, ಬರೀ ಬ್ರೇಕ್ ನಂಬಿ ಬಿಡುವವರನ್ನು ಆಗಾಗ ಕಾಣುತ್ತೇನೆ. ನಾನೂ ಹಾಗೆ ಇಳಿಯುತ್ತಿದ್ದವನೇ. ಒಮ್ಮೆ ಅರ್ಧ ದಾರಿಯಲ್ಲಿ ಹಿಂದಿನ ಚಕ್ರದ ಬ್ರೇಕ್ ಡ್ರಮ್‌ನಿಂದ ಸುಟ್ಟ ವಾಸನೆ ಬಂದು, ಪೆಡಲ್ ಎಷ್ಟು ತುಳಿದರೂ ಗಾಡಿ ಓಡುತ್ತಲೇ ಇದ್ದಾಗ ಆ ಅಭ್ಯಾಸ ಬಿಟ್ಟಿತು.

ಬ್ರೇಕ್ ಒಂದೇ ಸಮನೆ ಹಿಡಿದಿದ್ದರೆ ಡ್ರಮ್‌ಗೆ ಉಜ್ಜುವ ಶೂ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಡಿಸ್ಕ್ ಬ್ರೇಕ್‌ನಲ್ಲಿ ಆಯಿಲ್ ಕುದ್ದು ಲಿವರ್ ಮೆತ್ತಗಾಗುತ್ತದೆ. ಎರಡನೇ ಅಥವಾ ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ (ಇದೇ ಎಂಜಿನ್ ಬ್ರೇಕಿಂಗ್), ಬ್ರೇಕ್ ತಿರುವಿಗೆ ಮೀಸಲಾಗುತ್ತದೆ. ಪೆಟ್ರೋಲ್ ಲೆಕ್ಕವೂ ತಪ್ಪು: 2020ರ ಏಪ್ರಿಲ್‌ನಲ್ಲಿ ಬಿಎಸ್–6 ಹೊಗೆ ನಿಯಮ ಬಂದ ಬಳಿಕ ಹೆಚ್ಚಿನ ಬೈಕ್‌ಗಳಲ್ಲಿರುವ, ಎಂಜಿನ್‌ಗೆ ಪೆಟ್ರೋಲ್ ಅಳೆದು ಚಿಮ್ಮಿಸುವ ಫ್ಯುಯೆಲ್ ಇಂಜೆಕ್ಷನ್, ಗೇರ್‌ನಲ್ಲಿ ಇಳಿಯುವಾಗ ಸಾಮಾನ್ಯವಾಗಿ ಪೆಟ್ರೋಲನ್ನೇ ನಿಲ್ಲಿಸುತ್ತದೆ; ನ್ಯೂಟ್ರಲ್‌ನಲ್ಲಾದರೋ ಎಂಜಿನ್ ಆರದಿರಲು ಪೆಟ್ರೋಲ್ ಬೇಕೇ ಬೇಕು.

ಹಾಗೆಂದು ಎಂಜಿನ್ ಬ್ರೇಕಿಂಗ್ ಒಂದನ್ನೇ ನೆಚ್ಚಿಕೊಳ್ಳುವಂತೆಯೂ ಇಲ್ಲ. ಅದು ಹಿಂದಿನ ಚಕ್ರಕ್ಕೆ ಮಾತ್ರ ತಾಗುವುದರಿಂದ, ಒದ್ದೆ ರಸ್ತೆಯಲ್ಲಿ ಗೇರ್ ದಿಢೀರನೆ ಇಳಿಸಿ ಕ್ಲಚ್ ಬಿಟ್ಟರೆ ಚಕ್ರ ಜಾರೀತು. ಬ್ರೇಕ್ ಲೈಟ್ ಉರಿಯದ ಕಾರಣ ಹಿಂದಿನ ಬಸ್ಸಿನವರಿಗೆ ನಾವು ನಿಧಾನಿಸಿದ್ದೂ ತಿಳಿಯದು. (ಲಿವರನ್ನು ಲಘುವಾಗಿ ಮುಟ್ಟಿದರೆ ಸಾಕು, ಲೈಟ್ ಹತ್ತುತ್ತದೆ.) ಗೇರ್‌ಲೆಸ್ ಸ್ಕೂಟರ್‌ಗಳಲ್ಲಂತೂ ಈ ಹಿಡಿತ ಕಡಿಮೆ, ಅವರು ನಡುನಡುವೆ ನಿಂತು ಬ್ರೇಕ್ ತಣಿಸಿಕೊಳ್ಳುವುದೇ ಸರಿ.

ಲೈಸೆನ್ಸ್ ಪರೀಕ್ಷೆಗೆ 8ರ ಆಕಾರದಲ್ಲಿ ಬೈಕ್ ಓಡಿಸಿ ನೋಡುವ ಸಾರಿಗೆ ಇಲಾಖೆ, ಮಲೆನಾಡಿನಲ್ಲಾದರೂ ಇಳಿಜಾರಿನಲ್ಲಿ ಗೇರ್ ಬಳಸುವುದನ್ನು ಪರೀಕ್ಷಿಸಬೇಕೆಂದು ವಿನಂತಿ.

– ಒಬ್ಬ ಬೈಕ್ ಸವಾರ, ತೀರ್ಥಹಳ್ಳಿ