ಮೊದಲು ಮಾದರಿ, ಆಮೇಲೆ ಔಷಧಿ

ಮಾನ್ಯ ಸಂಪಾದಕರೇ,

ಎಲ್ಲಿಯಾದರೂ ಕೋಳಿಗಳು ಸತ್ತರೆ ಸಾಕು, ‘ಹಕ್ಕಿಜ್ವರದ ಶಂಕೆ’ ಎಂಬ ತಲೆಬರಹ ಮರುದಿನವೇ ಬರುತ್ತದೆ. ಪರೀಕ್ಷೆಯಾಗಿ ಅದು ಹಕ್ಕಿಜ್ವರ ಅಲ್ಲ ಎಂದು ಗೊತ್ತಾದ ಸುದ್ದಿಗೆ ಮಾತ್ರ ಜಾಗ ಸಿಗುವುದಿಲ್ಲ. ಆ ನಡುವಿನ ದಿನಗಳನ್ನು ನಾನು ಕಂಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಇಂಡಿ ತಾಲ್ಲೂಕಿನವಳು. ಮದುವೆಯಾಗಿ ಪುಣೆಗೆ ಬಂದು ಹತ್ತೊಂಬತ್ತು ವರ್ಷ. ಉರುಳಿ ಕಾಂಚನದ ಹತ್ತಿರ ನಮ್ಮದು ನಾಲ್ಕು ಸಾವಿರ ಲೇಯರ್ ಕೋಳಿಗಳ ಶೆಡ್. ಎಲ್ಲ ಸರಿಯಿದ್ದಾಗ ದಿನಕ್ಕೆ 120 ಟ್ರೇ ಮೊಟ್ಟೆ. ಕಳೆದ ಜನವರಿಯ ಚಳಿಯಲ್ಲಿ, ರಾತ್ರಿ ಶೆಡ್ಡಿನ ಪರದೆ ಇಳಿಸಲು ಹೋದ ಆಳಂದ ಕಡೆಯ ಹುಡುಗ ವಾಪಸ್ ಬಂದು, “ಅಕ್ಕಾರ, ಕೋಳಿ ಗೊರಕಿ ಹೊಡ್ಯಾಕತ್ತಾವ್ರಿ” ಅಂದ. ದೀಪ ಆರಿಸಿ ನಿಂತು ಕೇಳಿದೆ. ನಿಜವಾಗಿಯೂ ಗೊರಕೆಯೇ. ಗಂಟಲಲ್ಲಿ ನೀರು ಸಿಕ್ಕಿಕೊಂಡ ಹಾಗೆ ಸಾಲಿನುದ್ದಕ್ಕೂ ಗೊರಗೊರ. ನಮಗದು ಗಾಬರಿ ಅನ್ನಿಸಲಿಲ್ಲ. ವಾರದ ಹಿಂದಷ್ಟೇ ಕುಡಿಯುವ ನೀರಿನಲ್ಲಿ ಲಸೋಟಾ ಕೊಟ್ಟಿದ್ದೆವು, ಆ ಲಸಿಕೆ ಕೊಟ್ಟ ಮೇಲೆ ನಾಲ್ಕಾರು ದಿನ ಸೀನುವುದು ಉಂಟು.

ಔಷಧಿ ಅಂಗಡಿಯವರು ಫೋನಿನಲ್ಲೇ ‘ನೆಗಡಿ’ ಎಂದು ಹೇಳಿ ಐದು ದಿನದ ಆಂಟಿಬಯೋಟಿಕ್ ಕಳಿಸಿದರು. ಅದು ಮುಗಿಯಿತು, ಇನ್ನೊಂದು ಬಂತು. ಅಷ್ಟರಲ್ಲಿ ಮೊಟ್ಟೆ 80 ಟ್ರೇಗೆ ಇಳಿದಿತ್ತು. ಇದ್ದ ಮೊಟ್ಟೆಗಳ ಚಿಪ್ಪೂ ಸುಕ್ಕು ಸುಕ್ಕು, ಕೆಲವಂತೂ ಹಿಡಿದರೆ ಬೆರಳು ಒಳಗೆ ಹೋಗುವಷ್ಟು ಮೆತ್ತಗೆ. ಒಂದನ್ನು ತಟ್ಟೆಗೆ ಒಡೆದು ನೋಡಿದೆ. ಬಿಳಿ ಲೋಳೆ ಗಟ್ಟಿಯಾಗಿ ನಿಲ್ಲಲೇ ಇಲ್ಲ, ನೀರಿನಂತೆ ತಟ್ಟೆಯ ಅಂಚಿಗೆ ಹರಿಯಿತು. ಇದು ಬರೀ ನೆಗಡಿಯಲ್ಲ ಎಂದು ನನಗೆ ಆ ತಟ್ಟೆ ನೋಡಿದಾಗ ಗೊತ್ತಾಯಿತು.

ಆಗ ನಾನು ಮಾಡಿದ ತಪ್ಪನ್ನೂ ಹೇಳಬೇಕು. ಬೆಳಿಗ್ಗೆ ಸತ್ತ ಎರಡು ಕೋಳಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬೈಕಿನ ಹ್ಯಾಂಡಲಿಗೆ ತೂಗುಹಾಕಿ ನಮ್ಮವರನ್ನು ಪಶುವೈದ್ಯರ ಹತ್ತಿರ ಕಳಿಸಿದೆ. ಅವರು ಚೀಲ ಬಿಚ್ಚುವಷ್ಟರಲ್ಲಿ ಮಧ್ಯಾಹ್ನ, ಹೊಟ್ಟೆ ಹಸಿರಾಗಿತ್ತು. ಕೊಳೆತ ಅಂಗದಲ್ಲಿ ವೈರಸ್ ಸಿಗುವುದು ಕಷ್ಟ. ಜೊತೆಗೆ, ದಾರಿಯುದ್ದಕ್ಕೂ ಬೇರೆಯವರ ಶೆಡ್ಡುಗಳ ಮುಂದೆ ರೋಗವನ್ನು ಮೆರವಣಿಗೆ ಮಾಡಿದ ಹಾಗೆ. ಡಾಕ್ಟರು ಬೈದರು. ಬೈದದ್ದು ಸರಿಯೇ.

ಮರುದಿನ ಅವರೇ ಬಂದರು. ಸತ್ತವುಗಳ ತಂಟೆಗೆ ಹೋಗದೆ, ಆಗತಾನೇ ಗೊರಕೆ ಶುರುವಾಗಿದ್ದ ಜೀವಂತ ಕೋಳಿಗಳನ್ನೇ ಹುಡುಕಿದರು. ವೈರಸ್ ಹೆಚ್ಚು ಇರುವುದು ರೋಗದ ಮೊದಲ ದಿನಗಳಲ್ಲಿ, ಸಾಯುವ ಹೊತ್ತಿಗೆ ಎಷ್ಟೋ ಸಲ ಅದು ಇಳಿದು ಬ್ಯಾಕ್ಟೀರಿಯಾ ಮೇಲೆದ್ದಿರುತ್ತದೆ ಅಂದರು. ಕೋವಿಡ್ ಕಾಲದಲ್ಲಿ ನಮ್ಮ ಮೂಗಿಗೆ ಹಾಕಿದಂಥದೇ ಕಡ್ಡಿ. ಗಂಟಲಿಗೊಂದು, ಗುದದ್ವಾರಕ್ಕೊಂದು. ಪಿಂಕ್ ಬಣ್ಣದ ದ್ರವವಿದ್ದ ಸಣ್ಣ ಬಾಟಲಿಗೆ ಅದನ್ನು ಹಾಕಿ, ಐಸ್ ತುಂಬಿದ ಥರ್ಮೊಕೋಲ್ ಡಬ್ಬಿಯಲ್ಲಿಟ್ಟರು. ರೆಕ್ಕೆಯ ಕೆಳಗಿನಿಂದ ರಕ್ತವನ್ನೂ ತೆಗೆದರು. ಮೂರು ವಾರ ಬಿಟ್ಟು ಇನ್ನೊಮ್ಮೆ ತೆಗೆಯಬೇಕು ಅಂದರು.

ಕೊನೆಗೆ ಕೇಳಿದ ಪ್ರಶ್ನೆಯೇ ನನ್ನನ್ನು ಕಟ್ಟಿಹಾಕಿತು: “ಲಸೋಟಾ ಯಾವತ್ತು ಕೊಟ್ಟಿರಿ?”

ಲಸಿಕೆಯ ದಿನವನ್ನೆಲ್ಲ ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಹೊಸ ವರ್ಷ ಬಂದಿತ್ತು, ಹಳೆಯದನ್ನು ತೆಗೆದಾಗಿತ್ತು. ಡಿಸೆಂಬರ್ ಹಾಳೆ ಮಗಳ ವಿಜ್ಞಾನದ ನೋಟ್‌ಬುಕ್ಕಿಗೆ ಹೊದಿಕೆಯಾಗಿತ್ತು. ಅದನ್ನು ಬಿಚ್ಚಿದೆ. ಮಡಿಕೆಯ ಒಳಗೆ 28ರ ಚೌಕದಲ್ಲಿ ನನ್ನದೇ ಅಕ್ಷರ: ‘ಲಸೋಟಾ, ನೀರಿನಲ್ಲಿ’. ಆ ಒಂದು ತಾರೀಖು ಇಲ್ಲದಿದ್ದರೆ ವರದಿ ನಮ್ಮ ದಾರಿ ತಪ್ಪಿಸುತ್ತಿತ್ತು. ಯಾಕೆಂದರೆ ಪರೀಕ್ಷೆಯಲ್ಲಿ ಕೊಕ್ಕರೆ ರೋಗದ, ಅಂದರೆ ರಾಣಿಖೇತ್ ರೋಗದ ವೈರಸ್ ಕಂಡಿತು. ಲಸೋಟಾ ಎಂದರೆ ಅದೇ ವೈರಸ್ಸಿನ ಸೌಮ್ಯ ತಳಿ, ಜೀವಂತವಾಗಿಯೇ ಕೊಡುವುದು. ಕೆಲವು ದಿನ ಅದು ಕೋಳಿಯ ಗಂಟಲಲ್ಲೇ ಇರುತ್ತದೆ, ಕಡ್ಡಿಗೆ ಸಿಗುತ್ತದೆ. ಜೀನಿನ ಒಂದು ತುಣುಕು ಓದಿ ನೋಡಿದಾಗ ಅದು ಲಸಿಕೆಯದೇ ಎಂದು ಖಚಿತವಾಯಿತು. ಹಕ್ಕಿಜ್ವರ ಇರಲಿಲ್ಲ. ಇದ್ದದ್ದು ಇನ್‌ಫೆಕ್ಷಿಯಸ್ ಬ್ರಾಂಕೈಟಿಸ್, ನಾವು ‘ಐಬಿ’ ಅನ್ನುತ್ತೇವಲ್ಲ, ಅದು. ಅದೂ ಒಂದು ಕೊರೊನಾ ವೈರಸ್ಸೇ, 1931ರಲ್ಲಿ ಅಮೆರಿಕದಲ್ಲಿ ಮೊದಲು ವರದಿಯಾದ ಕೋಳಿಗಳ ರೋಗ. ಮನುಷ್ಯರಿಗೆ ಅಂಟುವುದಿಲ್ಲ. ಮೂರು ವಾರದ ನಂತರದ ರಕ್ತದಲ್ಲಿ ಐಬಿ ವಿರುದ್ಧದ ಪ್ರತಿಕಾಯ ಮೊದಲಿಗಿಂತ ಬಹಳ ಏರಿತ್ತು. ಲಸಿಕೆ ಹಾಕಿದ ಕೋಳಿಯಲ್ಲಿ ಪ್ರತಿಕಾಯ ಹೇಗೂ ಇರುತ್ತದೆ, ಆದ್ದರಿಂದ ಒಂದೇ ಸಲದ ರಕ್ತದಿಂದ ಏನೂ ಹೇಳಲಾಗುವುದಿಲ್ಲ.

ಐಬಿಗೂ ರಾಣಿಖೇತಿಗೂ ಆಂಟಿಬಯೋಟಿಕ್ ಔಷಧಿಯೇ ಅಲ್ಲ. ಹಿಂದಿನಿಂದ ಸೇರಿಕೊಳ್ಳುವ ಇ-ಕೋಲೈ ಬ್ಯಾಕ್ಟೀರಿಯಾಕ್ಕೆ ಬೇಕಾಗಬಹುದು, ಅದನ್ನೂ ಪರೀಕ್ಷಿಸಿಯೇ ಕೊಡಬೇಕು. ನಾನು ಎರಡು ಕೋರ್ಸ್ ಕುಡಿಸಿದ್ದು ಮೊಟ್ಟೆ ತಿನ್ನುವವರಿಗೂ ಮಾಡಿದ ಅನ್ಯಾಯ ಎಂದು ಈಗ ಅನ್ನಿಸುತ್ತದೆ. ಮನುಷ್ಯರ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ಕನ್ನು ಕೋಳಿಗಳಿಗೆ ಕೊಡಬಾರದೆಂದು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದ್ದು ಸುಮ್ಮನೆ ಅಲ್ಲ.

ಹಾಗೆಂದು ಹಕ್ಕಿಜ್ವರದ ಭಯ ಸುಳ್ಳು ಎಂದು ನಾನು ಹೇಳುತ್ತಿಲ್ಲ. 2006ರ ಫೆಬ್ರುವರಿಯಲ್ಲಿ ದೇಶದಲ್ಲೇ ಮೊದಲು ಅದು ದೃಢಪಟ್ಟದ್ದು ನಮ್ಮ ಮಹಾರಾಷ್ಟ್ರದ ನವಾಪುರದಲ್ಲಿ. 2021ರ ಜನವರಿಯಲ್ಲಿ ಪರ್ಭಣಿ ಜಿಲ್ಲೆಯ ಮುರುಂಬಾದಲ್ಲೂ ಬಂತು. ಜುಟ್ಟು ನೀಲಿಯಾಗಿ, ಮುಖ ಊದಿ, ಒಂದೇ ರಾತ್ರಿಯಲ್ಲಿ ಸಾಲು ಸಾಲಾಗಿ ಸತ್ತರೆ ಯಾರೂ ಕೊಯ್ದು ನೋಡಬಾರದು, ಮುಟ್ಟಲೂಬಾರದು. ಸರ್ಕಾರಿ ಪಶುವೈದ್ಯರಿಗೆ ಫೋನ್ ಮಾಡಬೇಕು. ಆ ಮಾದರಿ ಭೋಪಾಲದ ಉನ್ನತ ಭದ್ರತಾ ಪ್ರಯೋಗಾಲಯಕ್ಕೆ ಹೋಗುತ್ತದೆ, ಅಲ್ಲಿಂದ ಬಂದ ಮಾತೇ ಕೊನೆಯ ಮಾತು. ಆ ಮಾತು ಬರುವವರೆಗೆ ಪತ್ರಿಕೆಗಳು ‘ಶಂಕೆ’ ಎಂದು ಬರೆಯಲಿ, ಬೇಡವೆನ್ನುವುದಿಲ್ಲ. ವರದಿ ಬಂದ ದಿನ ಅಷ್ಟೇ ದೊಡ್ಡ ಅಕ್ಷರದಲ್ಲಿ ಅದನ್ನೂ ಹಾಕಲಿ. ನಮ್ಮ ಶೆಡ್ಡಿನ ಸುದ್ದಿ ಬಾಯಿಂದ ಬಾಯಿಗೆ ಹರಡಿ, ಐದು ವರ್ಷದ ಗಿರಾಕಿಯೊಬ್ಬರು ಗಾಡಿಯನ್ನು ಗೇಟಿನಿಂದಲೇ ತಿರುಗಿಸಿದ್ದರು. ‘ಹಕ್ಕಿಜ್ವರ ಅಲ್ಲ’ ಎಂಬ ಕಾಗದ ಕೈಗೆ ಬಂದ ಮೇಲೂ ಅವರು ಬರಲಿಲ್ಲ.

ಪುಣೆಯವರಾದ ನಮಗೆ ಔಂಧ್‌ನಲ್ಲೇ ಪಶ್ಚಿಮ ವಲಯದ ರೋಗ ಪತ್ತೆ ಪ್ರಯೋಗಾಲಯವಿದೆ. ನಾಂದೇಡದ, ಲಾತೂರಿನ ಹಳ್ಳಿಯ ಸಾಕಣೆದಾರರಿಗೆ ಐಸ್ ಕರಗುವ ಮೊದಲು ಇಲ್ಲಿಗೆ ತಲುಪುವುದು ಸುಲಭವಲ್ಲ. ಪ್ರತಿ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲೂ ಮಾದರಿ ತೆಗೆಯುವ ಕಡ್ಡಿ, ಬಾಟಲಿ, ಐಸ್ ಡಬ್ಬಿ ಸದಾ ಸಿದ್ಧವಿರಲಿ, ವಾರಕ್ಕೆರಡು ಸಲವಾದರೂ ಅದನ್ನು ಒಯ್ಯುವ ವಾಹನ ಇರಲಿ. ನಮ್ಮ ಜಿಲ್ಲಾ ಪಶುಸಂಗೋಪನಾ ಅಧಿಕಾರಿಗಳಿಗೆ ಮರಾಠಿಯಲ್ಲಿ ಇದನ್ನೇ ಬರೆದಿದ್ದೇನೆ.

ಕನ್ನಡದಲ್ಲಿ ಬರೆಯಲು ಇನ್ನೊಂದು ಕಾರಣವಿದೆ. ಪುಣೆಯ ಸುತ್ತಲಿನ ಶೆಡ್ಡುಗಳಲ್ಲಿ ಫೀಡ್ ಹಾಕುವವರು, ಮೊಟ್ಟೆ ಆರಿಸುವವರು ಎಷ್ಟೋ ಜನ ಕಲಬುರಗಿ, ವಿಜಯಪುರ ಕಡೆಯವರು. ಗೊರಕೆಯನ್ನು ಮೊದಲು ಕೇಳಿಸಿಕೊಂಡದ್ದು ಆ ಹುಡುಗ. ಅವನ ಮಾತನ್ನು ಅದೇ ರಾತ್ರಿ ಡಾಕ್ಟರಿಗೆ ಮುಟ್ಟಿಸಿದ್ದರೆ ಹತ್ತು ದಿನ ಉಳಿಯುತ್ತಿತ್ತು. ಯಾವ ಲಕ್ಷಣ ಕಂಡರೆ ಯಾರಿಗೆ ಹೇಳಬೇಕು, ಏನನ್ನು ಮುಟ್ಟಬಾರದು ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಡಾಕ್ಟರಿಗೆ ತೋರಿಸಿ ತಿದ್ದಿಸಿ ಶೆಡ್ಡಿನ ಬಾಗಿಲಿಗೆ ಅಂಟಿಸಿದ್ದೇನೆ. ತಾವು ಜಾಗ ಕೊಡುವುದಾದರೆ ಕಳಿಸಿಕೊಡುತ್ತೇನೆ. ಕತ್ತರಿಸಿ ಅಂಟಿಸಿಕೊಳ್ಳುವಷ್ಟು ಅಳತೆಯಲ್ಲಿ ಅಚ್ಚು ಹಾಕಿದರೆ ಉಪಕಾರವಾದೀತು.

ಇಂತಿ ತಮ್ಮ ಓದುಗರಲ್ಲೊಬ್ಬಳು,
ಉರುಳಿ ಕಾಂಚನ, ಪುಣೆ